ಹೊಸ್ತಿಲಾಚೆಯ ಎಲೆ

ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆಲ್ಲ ನಡುಮನೆಯಲ್ಲಿ ಎಲೆ ಹಾಕುತ್ತೇವೆ. ಒಂದು ಎಲೆ ಮಾತ್ರ ಹೊಸ್ತಿಲಾಚೆ, ಮೆಟ್ಟಿಲ ಮೇಲೆ. ಅದು ನನ್ನ ಮೈದುನನದು. ಅದಕ್ಕೆ ಬಡಿಸುವಾಗ ಅತ್ತೆ ಒಳಗೇ ನಿಂತು, ಬಗ್ಗಿ, ಕೈ ಚಾಚಿ ಬಡಿಸುತ್ತಾರೆ. ಹೊರಗೆ ಹೋಗಿ ಬಡಿಸಿದರೆ ಅವನು ಹೊರಗಿರುವುದಕ್ಕೆ ತಾವು ಒಪ್ಪಿದಂತಾಗುತ್ತದೆ ಎಂದು ಅವರ ಎಣಿಕೆ. ಸಾರು ಎಲೆಯ ಅಂಚಿಗೆ ಹರಿಯುತ್ತದೆ, ಪಲ್ಯ ಅರ್ಧ ಮೆಟ್ಟಿಲಿಗೆ ಬೀಳುತ್ತದೆ. ಎಲ್ಲ ಮುಗಿದ ಮೇಲೂ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಒಂದು ಅಂಗೈ ಹಿಡಿಸುವಷ್ಟು ಸಂದು ಬಿಟ್ಟಿರುತ್ತಾರೆ. ಅವನು ಹೋದಾಗಿನಿಂದ ರಾಯದುರ್ಗದ ಈ ಮನೆಯಲ್ಲಿ ನಾನು ಎಷ್ಟೋ ಸಲ ಆ ಸಂದಿನ ಮುಂದೆ ಹಾದುಹೋಗಿದ್ದೇನೆ. ಅಲ್ಲಿ ಗಾಳಿ ಯಾವಾಗಲೂ ಸ್ವಲ್ಪ ತಣ್ಣಗಿರುತ್ತದೆ.

ಮೈದುನ ತೀರಿಕೊಂಡದ್ದು ಉತ್ತರದ ಹಿಮದ ಬೆಟ್ಟಗಳಲ್ಲಿ, ಹೆದ್ದಾರಿಗೆಂದು ಕೊರೆಯುತ್ತಿದ್ದ ಒಂದು ಉದ್ದ ಸುರಂಗದೊಳಗೆ. ಮಡಕಶಿರಾ ಕಡೆಯ ಕಲ್ಲು ಕ್ವಾರಿಗಳಲ್ಲಿ ಬಂಡೆಗೆ ತೂತು ಹೊಡೆಯುವುದು ಅವನ ಕೆಲಸವಾಗಿತ್ತು. ಊರಿನ ಗೆಳೆಯನೊಬ್ಬನ ಜೊತೆ ಸುರಂಗದ ಕೆಲಸಕ್ಕೆ ಹೋದ. ಒಂದು ದಿನ ಚಾವಣಿಯಿಂದ ಬಂಡೆ ಕಳಚಿತು. ನನ್ನ ಗಂಡ ಹೋಗಿ, ಅಲ್ಲೇ ನದಿಯ ದಂಡೆಯಲ್ಲಿ ದಹನ ಮಾಡಿ, ಅಲ್ಲೇ ಬೂದಿ ಬಿಟ್ಟು ಬಂದರು. ಸುರಂಗದ ಬಾಯಿಯ ತನಕ ಹೋಗಿದ್ದರಂತೆ. ಕೆಲಸದವರನ್ನು ಬಿಟ್ಟು ಬೇರೆಯವರು ಒಳಗೆ ಹೋಗುವ ಹಾಗಿಲ್ಲವೆಂದು ಗೇಟಿನಲ್ಲೇ ನಿಲ್ಲಿಸಿದರು. ಅವನ ಕೆಂಪು ಚೌಕಳಿಯ ಟವಲು, ಊಟದ ಡಬ್ಬಿ ಎರಡನ್ನೇ ತಂದರು. ಆ ಟವಲನ್ನು ಅತ್ತೆ ಇವತ್ತಿಗೂ ಒಗೆದಿಲ್ಲ. ಮಡಿಕೆಗಳಲ್ಲಿ ಬೂದು ಬಣ್ಣದ ಕಲ್ಲುಪುಡಿ ಉಳಿದಿದೆ. ಕಪಾಟು ತೆಗೆದಾಗೆಲ್ಲ ಒದ್ದೆ ಸಿಮೆಂಟಿನ ವಾಸನೆ ಬರುತ್ತದೆ, ಈಗಲೂ.

ಅತ್ತೆಯದು ಮಡಕಶಿರಾ ಹತ್ತಿರದ ಹಳ್ಳಿ. ಅವರ ಮನೆತನದಲ್ಲಿ, ದೂರದಲ್ಲಿ ಸತ್ತವರನ್ನು ಸತ್ತ ಜಾಗಕ್ಕೇ ಹೋಗಿ ಕರೆತರಬೇಕು. ಅಲ್ಲಿ ಇಳಿದು ಕರ್ಪೂರ ಹಚ್ಚಿ, ಕಾಯಿ ಒಡೆದು, ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಹೆಸರು ಹಿಡಿದು ಮೂರು ಸಲ ಕೂಗಬೇಕು. ಕೂಗಿದವರು ಅಲ್ಲಿಂದ ಮನೆಯ ಹೊಸ್ತಿಲು ಮುಟ್ಟುವ ತನಕ ಮಾತಾಡಬಾರದು, ಹಿಂದಿರುಗಿ ನೋಡಬಾರದು, ಗಂಟು ಕೆಳಗಿಡಬಾರದು. ಮನೆಯ ಸೊಸೆ ಒಳಗೆ ನಿಂತು “ಬಂದನಾ?” ಎಂದು ಕೇಳಬೇಕು. “ಬಂದ” ಎಂದು ಹೇಳಿ ಗಂಟನ್ನು ಒಳಗಿಡಬೇಕು. ಆಮೇಲೆ ಅವರ ಎಲೆ ಒಳಗೆ.

ಮೂರು ಸಲ ಏಕೆಂದರೆ, ಮುಸ್ಸಂಜೆಯಲ್ಲಿ ಯಾರಾದರೂ ಹೊರಗಿನಿಂದ ಕೂಗಿದರೆ ಮೂರನೇ ಕೂಗಿಗೇ ಓಗೊಡಬೇಕೆಂದು ಆ ಮನೆಯ ಮಕ್ಕಳಿಗೆಲ್ಲ ಕಲಿಸಿರುತ್ತಾರೆ. ಮೊದಲಿನ ಕೂಗು ಯಾರದ್ದೋ ಏನೋ. ನನ್ನ ಮೈದುನ ಮಾತ್ರ ಅದನ್ನು ಒಂದು ದಿನವೂ ಪಾಲಿಸಿದವನಲ್ಲ. ಅತ್ತೆ ಹೆಸರು ಪೂರ್ತಿ ಹೇಳುವ ಮೊದಲೇ ಹಿತ್ತಿಲಿನಿಂದ “ಓ” ಎನ್ನುತ್ತಿದ್ದ. “ಒಂದಿನ ಯಾವ್ದಾದ್ರೂ ದೆವ್ವ ಹೊತ್ಕೊಂಡೋಯ್ತದೆ ನೋಡು ನಿನ್ನ,” ಎಂದು ಅತ್ತೆ ಬೈದರೆ, “ದೆವ್ವಾನೇ ಕರೆದ್ರೂ ಕಾಯಿಸಬಾರ್ದು ಕಣಮ್ಮ, ಪಾಪ,” ಎನ್ನುತ್ತಿದ್ದ.

ನನ್ನನ್ನು ರೇಗಿಸಲೆಂದೇ ಅತ್ತಿಗೆ ಎನ್ನದೆ ತೆಲುಗಿನಲ್ಲಿ ‘ವದಿನಾ’ ಎಂದು ಕರೆಯುತ್ತಿದ್ದ. ಸುರಂಗಕ್ಕೆ ಸೇರಿದ ಮೇಲೆ ಒಮ್ಮೆ ಅದರ ಬಾಯಿಯ ಹತ್ತಿರದಿಂದ ಫೋನ್ ಮಾಡಿ, “ಕೇಳು ವದಿನಾ, ಇಲ್ಲಿ ಕೂಗಿದ್ರೆ ಬೆಟ್ಟಾನೇ ಓ ಅಂತೈತೆ,” ಎಂದು ಫೋನನ್ನು ದೂರ ಹಿಡಿದು ಕೂಗಿದ. ಅವನ ದನಿ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ, ಬೇರೆ ಯಾರದೋ ದನಿಯಾಗಿ ಹಿಂದಕ್ಕೆ ಬಂತು. ನಡುವೆ ನೀರು ತೊಟ್ಟಿಕ್ಕುವ ಸದ್ದು. ನಾನು ಆಗ ಅವರೆಕಾಯಿ ಬಿಡಿಸುತ್ತಿದ್ದೆ. ಈಗಲೂ ಅವರೆಕಾಯಿಯ ಸೊಗಡು ಮೂಗಿಗೆ ಬಂದರೆ ಆ ನೀರಿನ ಸದ್ದು ಮೊದಲು ಕೇಳಿಸುತ್ತದೆ, ಆಮೇಲೆ ದನಿ.

ಸುರಂಗ ಮುಗಿದು ವಾಹನಗಳಿಗೆ ತೆರೆದದ್ದನ್ನು ನಾವು ಟಿವಿಯಲ್ಲಿ ನೋಡಿದೆವು. ಅತ್ತೆ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ, “ಈಗ ಬಿಡ್ತಾರಾ ನಮ್ನ?” ಎಂದರು. ಆಮೇಲೆ ವರ್ಷಗಳು ಹೋದವು. ಅವರ ಮಂಡಿನೋವು, ಮಕ್ಕಳ ಪರೀಕ್ಷೆ, ಕರೆಂಟ್ ಆಫೀಸಿನಲ್ಲಿ ನನ್ನ ಗಂಡನಿಗೆ ಸಿಗದ ರಜೆ. ಈ ವರ್ಷ ಬೇಸಿಗೆಯಲ್ಲಿ ಅತ್ತೆ, “ಈ ವರ್ಷ ಒಂದು ಬಿಟ್ರೆ, ಮತ್ತೆ ಹೊರಗಡೆ ಎಲೆ ಹಾಕೋಕೆ ನನ್ ಕೈ ಬರಲ್ಲ,” ಎಂದರು. ದಸರಾ ಕಳೆದ ಮೇಲೆ ಹೊರಡುವುದೆಂದು ಆಯಿತು. ಹಿಮ ಬೀಳಲು ಶುರುವಾದರೆ ಹೊರಗಿನವರ ಗಾಡಿಗಳನ್ನು ಆ ಕಡೆ ಬಿಡುವುದಿಲ್ಲವಂತೆ.

ಆ ಬೆಟ್ಟದ ಊರಿನಲ್ಲಿ ಬಾಡಿಗೆ ಕಾರು ಓಡಿಸುವವನೊಬ್ಬನ ನಂಬರು ಸಿಕ್ಕಿತು. ಮಾತಾಡುವ ಕೆಲಸ ನನ್ನದು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಪುಸ್ತಕದ ಹಿಂದಿ ನನ್ನದು, ಪ್ರತಿ ವಾಕ್ಯಕ್ಕೂ ‘ಕೃಪಯಾ’ ಸೇರಿಸುತ್ತೇನೆ. ಅವನು ನಗದೆ ಎಲ್ಲ ಹೇಳಿದ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ರಿಪೇರಿಗೆಂದು ಸುರಂಗ ಮುಚ್ಚಿರುತ್ತಾರೆ. ಒಳಗೆ ಎಲ್ಲಿಯೂ ನಿಲ್ಲಿಸುವ ಹಾಗಿಲ್ಲ, ಇಳಿಯುವ ಹಾಗಿಲ್ಲ, ಬೆಂಕಿಕಡ್ಡಿ ಗೀರುವ ಹಾಗಿಲ್ಲ. ಉದ್ದಕ್ಕೂ ಕ್ಯಾಮೆರಾ ಇವೆ, ಗಾಡಿ ನಿಂತ ಕೂಡಲೇ ಪೊಲೀಸರು ಬರುತ್ತಾರೆ. ನಿಂತರೆ ಏನಾಗುತ್ತದೆಂದು ನಾನು ಮೂರು ಥರದಲ್ಲಿ ಕೇಳಿದ ಮೇಲೆ ಅವನು, “ಒಳಗೆ ಏನು ಕೆಲಸ ನಿಮಗೆ?” ಎಂದ. ‘ಕೃಪಯಾ’ ಎಂದು ಶುರುಮಾಡಿ ಅಲ್ಲಿಗೇ ಬಿಟ್ಟೆ. ಫೋನ್ ಇಟ್ಟೆ.

“ಏನಂತೆ?” ಎಂದರು ಅತ್ತೆ.

“ಇಳಿಯೋ ಹಂಗಿಲ್ಲಂತ್ರಿ ಅತ್ತಿ. ಕರ್ಪೂರನೂ ಹಚ್ಚೋ ಹಂಗಿಲ್ಲ.”

“ಕಾಯಿ?”

“ಕಾಯಿ ಎಲ್ಲಿ ಒಡೀತೀರಿ, ಕಾರಿನ ಬಾಗಿಲಿಗಾ?” ಎಂದರು ನನ್ನ ಗಂಡ, ಪೇಪರಿನ ಹಿಂದಿನಿಂದ.

“ನಿನ್ ತಲೆಗೆ ಒಡೀತೀನಿ,” ಎಂದರು ಅತ್ತೆ. “ಅಲ್ಲ ಕಣಮ್ಮಿ, ಸತ್ತೋರ್ನ ಕಂಡ್ರೆ ಭಯನಾ ಅವ್ರಿಗೆ, ತೆಂಗಿನಕಾಯಿ ಕಂಡ್ರೆ ಭಯನಾ?”

ಹೀಗೆ ಒಂದೊಂದನ್ನೇ ಬಿಡುತ್ತ ಬಂದರು. ಕರ್ಪೂರವನ್ನು ಸುರಂಗದ ಹೊರಗೆ ಹಚ್ಚುವುದು. ಕಾಯಿ ಹಿಂತಿರುಗಿ ಬಂದ ಮೇಲೆ. ಮಣ್ಣಿಗೆ ಬಹಳ ದಿನ ಯೋಚಿಸಿದರು. ಕೊನೆಗೆ ಕಪಾಟಿನಿಂದ ಟವಲು ತೆಗೆದು ಮಡಿಲಲ್ಲಿಟ್ಟುಕೊಂಡು, “ಮಣ್ಣು ಆವಾಗ್ಲೇ ಮನೇಲೈತೆ. ಇದನ್ನೇ ತಗೊಂಡೋಗಿ ತೋರಿಸ್ಕೊಂಡು ಬರೋದು,” ಎಂದರು. ಅಲ್ಲಿಂದ ರಾಯದುರ್ಗದ ತನಕ ರೈಲಿನಲ್ಲಿ ಮಾತಾಡದೆ ಇರಬೇಕಲ್ಲ ಎಂದರೆ, “ನಿನ್ ಗಂಡನ್ ಜೊತೆ ಮಾತಾಡೋದಕ್ಕಿಂತ ಅದೇ ವಾಸಿ,” ಎಂದರು. ಬಿಡಲಾಗದೆ ಉಳಿದದ್ದು ಕೂಗುವುದೊಂದೇ. ಓಡುವ ಕಾರಿನಿಂದ, ಸರಿಯಾದ ಜಾಗದಲ್ಲಿ, ಮೂರು ಸಲ.

ನಾನು ಓದಿದ ಕಾನ್ವೆಂಟಿನಲ್ಲಿ ನವೆಂಬರ್ ತಿಂಗಳ ಒಂದು ಸಂಜೆ ಸಿಸ್ಟರುಗಳು ಚಾಪೆಲಿನ ಹಿಂದಿನ ಸಣ್ಣ ಸಮಾಧಿಗಳ ನಡುವೆ ನಿಂತು ಸತ್ತ ಸಿಸ್ಟರುಗಳ ಹೆಸರುಗಳನ್ನು ಮೆಲ್ಲಗೆ ಓದುತ್ತಿದ್ದರು. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಉತ್ತರಕ್ಕೆ ಜಾಗ ಬಿಟ್ಟ ಹಾಗೆ. ನಾವು ಮಕ್ಕಳು ಕಿಟಕಿಯ ಸರಳು ಹಿಡಿದು, ಆ ಬಿಟ್ಟ ಜಾಗಕ್ಕೇ ಹೆದರುತ್ತ ನಿಂತಿರುತ್ತಿದ್ದೆವು. ಅತ್ತೆ ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು, ಆ ಸದ್ದಿನ ಕೆಳಗೆ ತುಟಿಯಾಡಿಸಿ ಅಭ್ಯಾಸ ಮಾಡುವುದನ್ನು ಕಂಡಾಗ ನನಗೆ ಆ ಕಿಟಕಿಯ ತಣ್ಣನೆ ಸರಳು ಕೈಗೆ ತಾಗಿದಂತಾಯಿತು.

ಜಾಗ ಯಾವುದೆಂದು ಕೇಳಲು ಶ್ರಾವಣದ ಒಂದು ಭಾನುವಾರ ಕಾರು ಮಾಡಿಕೊಂಡು ಅತ್ತೆಯ ಹಳ್ಳಿಗೆ ಹೋದೆವು. ಮೈದುನನ ಜೊತೆ ಕೆಲಸಕ್ಕೆ ಹೋಗಿದ್ದ ಗೆಳೆಯ ಈಗ ಅಲ್ಲಿ ರೇಷ್ಮೆ ಹುಳ ಸಾಕುತ್ತಾನೆ. ಹಿಪ್ಪುನೇರಳೆ ಸೊಪ್ಪನ್ನು ತಟ್ಟೆಗಳಿಗೆ ಹರಡುತ್ತಲೇ, ನಮ್ಮ ಮುಖ ನೋಡದೆ ಹೇಳಿದ. “ಅರ್ಧ ದಾರಿ ಆದ್ಮೇಲೆ ಎಡಗಡೆ ಗೋಡೆ ಕಣಮ್ಮ. ಅಲ್ಲಿ ಯಾವಾಗ್ಲೂ ನೀರು ಸುರೀತಿತ್ತು. ಈಗ ಸಿಮೆಂಟ್ ಹಾಕಿ ನುಣ್ಣಗೆ ಮಾಡ್ಬಿಟ್ಟವ್ರೆ. ನಾನೇ ಹೋದ್ರೂ ಗುರುತು ಹಿಡಿಯಾಕಾಗಲ್ಲ.” ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅತ್ತೆ ಟವಲಿನ ಗಂಟನ್ನು ಅವನ ಮುಂದೆ ಹಿಡಿದರು. ಅವನು ಕೈ ಒರೆಸಿಕೊಂಡು ಅದನ್ನು ಮುಟ್ಟಿ, ಎದ್ದು ಒಳಗೆ ಹೋದ.

ಹಿಂತಿರುಗುವಾಗ ದಾರಿಯಲ್ಲಿ ರೈಲು ಹಳಿಯ ಒಂದು ಏರಿ ಸಿಗುತ್ತದೆ. ಅದರ ಕೆಳಗೆ ರಸ್ತೆಗೆಂದು ಹೊಸದಾಗಿ ಕಟ್ಟಿದ ಉದ್ದನೆಯ ಅಂಡರ್‌ಪಾಸ್. ಮಳೆನೀರು ನಿಂತು ಒಳಗೆಲ್ಲ ಪಾಚಿ. ಹಗಲಲ್ಲೂ ಕಾರಿನ ದೀಪ ಹಾಕಬೇಕು.

“ಇಲ್ಲೊಂದ್ಸಲ ಕೂಗಿ ನೋಡಾನ,” ಎಂದರು ಅತ್ತೆ. “ಬಾಯಿಗೆ ಅಭ್ಯಾಸ ಆಗ್ಲಿ.”

ನನ್ನ ಗಂಡನಿಗೆ ಅದು ಸರಿಯೆನಿಸಿತು. ನನಗೂ. ಯಾರೊಬ್ಬರಿಗೂ ಬೇರೆ ಯೋಚನೆ ಬರಲಿಲ್ಲ. ಡ್ರೈವರು ರಾಯದುರ್ಗದವನು, “ನಿಲ್ಲಿಸಬೇಕೇನ್ರಿ?” ಎಂದ. ನಿಲ್ಲಿಸಬೇಡ, ಅದೇ ಮುಖ್ಯ ಎಂದರು ನನ್ನ ಗಂಡ. ಮೊದಲ ಸಲ ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಕಾರು ಬಿಸಿಲಿಗೆ ಬಂದಿತ್ತು. “ಏನಪ್ಪ, ಮದುವೆ ದಿಬ್ಬಣಕ್ಕೆ ಹೊತ್ತಾಯ್ತಾ ನಿಂಗೆ?” ಎಂದು ಡ್ರೈವರನನ್ನು ಕೇಳಿದರು. ನಾವೆಲ್ಲ ನಕ್ಕೆವು. ತಿರುಗಿಸಿಕೊಂಡು ಬಂದೆವು.

ಈ ಸಲ ಕಾರು ಮೆಲ್ಲಗೆ ಒಳಗೆ ಇಳಿಯಿತು. ಅತ್ತೆ ಕಿಟಕಿಯ ಗಾಜು ಇಳಿಸಿ, ಗಂಟನ್ನು ಎದೆಗೆ ಒತ್ತಿಕೊಂಡು, ಮೈದುನನ ಹೆಸರು ಹಿಡಿದು ಕೂಗಿದರು. ಇನ್ನೊಮ್ಮೆ ಕೂಗಿದರು. ಎರಡೂ ನೀರಿನ ಮೇಲೆ ಬಿದ್ದು ಸುಮ್ಮನಾದವು. ಮೂರನೆಯದಕ್ಕೆ ಹೆಸರು ಬರಲಿಲ್ಲ. “ಬಾ ಮಗಾ, ಮನೆಗೋಗಾನ,” ಎಂದಷ್ಟೇ ಬಂತು. ಅದು ಗೋಡೆಯಿಂದ ಗೋಡೆಗೆ ಹೋಗಿ, ನಮ್ಮನ್ನು ದಾಟಿ, ಹಿಂದಿನಿಂದ ಬಂತು. ಚಕ್ರದ ಕೆಳಗೆ ನೀರು ಸರಿಯಿತು. ಬಿಸಿಲಿಗೆ ಬಂದೆವು.

“ಸರಿಯಾಯ್ತು ಕಣಮ್ಮಾ,” ಎಂದರು ನನ್ನ ಗಂಡ. ಅತ್ತೆ ಮಾತಾಡಲಿಲ್ಲ. ಇನ್ನೊಂದು ಸಲ ಬೇಕಾ ಎಂದು ಕೇಳಿದರು. ಅದಕ್ಕೂ ಇಲ್ಲ. ಅವರು ನೆಟ್ಟಗೆ ಮುಂದೆ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತವಳು ಗಂಟಿನ ಕೆಳಗೆ ಅವರ ಎರಡೂ ಕೈ ಒಂದರೊಳಗೊಂದು ಸಿಕ್ಕಿಕೊಂಡಿರುವುದನ್ನು ಕಂಡೆ. ಮಗುವಿನ ಬೆನ್ನಿಗೆ ಕೈ ಕೊಟ್ಟ ಹಾಗೆ. ಆಗ ಅರ್ಥವಾಯಿತು. ಅಭ್ಯಾಸಕ್ಕೆಂದು ಕರೆಯುವ ಕರೆ ಅದಲ್ಲ. ಕರೆದಾಗಿತ್ತು. ಇನ್ನು ಹೊಸ್ತಿಲು ಬರುವ ತನಕ ಅವರು ಬಾಯಿ ತೆರೆಯುವ ಹಾಗಿರಲಿಲ್ಲ. ನನ್ನ ಗಂಡನಿಗೂ ತಿಳಿಯಿತೆಂದು ಕಾಣುತ್ತದೆ. ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ, ಮುಖ ತಿರುಗಿಸಿದರು.

ಕಲ್ಯಾಣದುರ್ಗದ ಹತ್ತಿರ ಟೀ ಅಂಗಡಿಯ ಮುಂದೆ ಕಾರು ನಿಂತಿತು. ಅತ್ತೆ ಇಳಿಯಲಿಲ್ಲ. ನನ್ನ ಗಂಡ ದುಡ್ಡು ಕೊಡಲು ಅಂಗಡಿಯೊಳಗೆ ಹೋದರು. ಡ್ರೈವರು ಗ್ಲಾಸು ಹಿಡಿದು ಕಾರಿಗೆ ಒರಗಿ ನಿಂತು, “ಅಮ್ಮಾರು ಯಾಕ ಸುಮ್ನಾದ್ರು ಅಕ್ಕಾರ?” ಎಂದ. ದಣಿವು ಎಂದೆ.

“ಆ ಜಾಗ ಭಾಳ ಚಲೋ ಅಲ್ರಿ ಅದು. ಕಟ್ಟೋವಾಗ ಹಿಂದಿಯವನೊಬ್ಬ ಜ್ವರ ಬಂದು ಅಲ್ಲೇ ಶೆಡ್ಡಿನಾಗ ಹೋದ ಅಂತಾರ. ಎಲ್ಲೋ ಹಿಮದ ಕಡೆ ಊರಂತ್ರಿ. ಯಾರೂ ಬರ್ಲಿಲ್ಲಂತ ಅವನ ಕಡೆಯಿಂದ.”

ಹಾಲಿನ ಕೆನೆ ನನ್ನ ತುಟಿಗೆ ಅಂಟಿಕೊಂಡಿತು. ಗ್ಲಾಸನ್ನು ಹಾಗೇ ಕೆಳಗಿಟ್ಟೆ. ಕಾರಿನ ಕಿಟಕಿ ಅರ್ಧ ತೆರೆದಿತ್ತು. ಅತ್ತೆಯ ಮುಖ ಆಚೆ ಕಡೆಗಿತ್ತು. ಕೇಳಿಸಿರಲಾರದು ಎಂದುಕೊಂಡೆ. ಅಲ್ಲಿಂದ ಮುಂದೆ ಹಿಂದಿನ ಸೀಟಿನಲ್ಲಿ ನಾನೂ ಅತ್ತೆಯೂ ಒಬ್ಬರಿಗೆ ಜಾಗ ಬಿಟ್ಟ ಹಾಗೆ ಕುಳಿತಿದ್ದೆವು. ಸರಿದು ಕೂರಲು ನನಗೆ ಧೈರ್ಯ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ನಾನು ಮೊದಲು ಇಳಿದು ಬೀಗ ತೆಗೆದು ಒಳಗೆ ಹೋದೆ. ಅತ್ತೆ ಮೆಟ್ಟಿಲ ಮೇಲೆ, ಪ್ರತಿ ವರ್ಷ ಎಲೆ ಬೀಳುವ ಜಾಗದಲ್ಲಿ, ಬರಿಗಾಲಿನಲ್ಲಿ ನಿಂತರು. ನನ್ನ ಗಂಡ ಗೇಟಿನ ಹತ್ತಿರವೇ ಉಳಿದರು. ಬೆಳಿಗ್ಗೆ ನಾನು ಹಾಕಿದ್ದ ರಂಗೋಲಿ ಅಳಿಸದೆ ಇತ್ತು. ನನ್ನ ಮೈದುನ ಇನ್ನೂ ಆ ನುಣ್ಣನೆಯ ಗೋಡೆಯ ಹಿಂದೆಯೇ ಇರಬಹುದು. ನಾನು ಕೇಳಿಬಿಟ್ಟರೆ ಅವನನ್ನು ಕರೆತರುವ ದಾರಿಯೇ ಮುಚ್ಚಿಹೋಗುತ್ತದೋ ಏನೋ. ಕೇಳದಿದ್ದರೆ ಮಂಡಿನೋವಿನ ಈ ಹೆಂಗಸು ಹೀಗೇ ಎಷ್ಟು ಹೊತ್ತು ನಿಲ್ಲುತ್ತಾರೆ? ಅವರ ಹಿಂದೆ ಯಾರು ನಿಂತಿದ್ದಾರೆ? ಅತ್ತೆಯ ಭುಜದ ಮೇಲಿಂದ ಬೀದಿಯನ್ನು ನೋಡದಿರಲು ನಾನು ರಂಗೋಲಿಯನ್ನೇ ನೋಡುತ್ತಿದ್ದೆ.

“ಬಂದನಾ?” ಎಂದೆ.

ಅತ್ತೆ ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಆಮೇಲೆ, “ಬಂದ,” ಎಂದು ಒಳಗೆ ಕಾಲಿಟ್ಟರು. ಬಾಗಿಲನ್ನು ಪೂರ್ತಿ ಮುಚ್ಚಿದರು. ಕೀಲುಗಳು ಕಿರುಗುಟ್ಟಿದವು.

ಪ್ರವಾಸದ ಮಾತು ಅಲ್ಲಿಗೆ ನಿಂತಿತು. ನನ್ನ ಗಂಡ ತಮ್ಮನ ಫೋಟೋಗೆ ಹಾರ ಬದಲಿಸಿ, ಒಂಥರಾ ಹಗುರಾದರು. ನನಗೆ ಹಾಗಾಗಲಿಲ್ಲ. ಹೊಸ್ತಿಲ ಸಂದಿನ ತಣ್ಣನೆ ಗಾಳಿ ಈಗ ನಡುಮನೆಯಲ್ಲಿತ್ತು. ಮಧ್ಯಾಹ್ನ ಒಬ್ಬಳೇ ಇರುವಾಗ, ಮೈದುನ ಯಾವತ್ತೂ ಕೂರದ ಮೂಲೆಯಲ್ಲಿ, ಬಾಗಿಲಿನ ಹಿಂದೆ, ಮನೆಗೆ ಹೊಸಬರಾದ ಯಾರೋ ಮಂಡಿ ಮಡಚಿ ಕುಳಿತ ಹಾಗೆ ಅನಿಸುತ್ತಿತ್ತು. ಹೆದರಿಸುವ ಇರವಲ್ಲ. ಎಲ್ಲಿ ಕೂರಬೇಕೆಂದು ತಿಳಿಯದವರ ಇರವು. ಅಡುಗೆಮನೆಗೆ ಹೋಗುವಾಗ ನಾನು ಆ ಕಡೆ ಸೀರೆ ತಾಗದ ಹಾಗೆ ಓಡಾಡತೊಡಗಿದೆ. ಒಂದು ದಿನ ಅತ್ತೆ ಅಕ್ಕಿ ಆರಿಸುತ್ತ ಇದ್ದಕ್ಕಿದ್ದಂತೆ ಕೇಳಿದರು.

“ಊಟ ಮಾಡು ಅನ್ನೋದಕ್ಕೆ ಹಿಂದೀಲಿ ಏನಂತಾರಮ್ಮಿ?”

ನಾನು ಹೇಳಿದೆ. ಅವರು ಅದನ್ನು ಎರಡು ಸಲ ಬಾಯೊಳಗೇ ಅಂದುಕೊಂಡು, ಅಕ್ಕಿಯಿಂದ ಒಂದು ಕಲ್ಲು ತೆಗೆದು ಎಸೆದರು.

ಮಹಾಲಯ ಅಮಾವಾಸ್ಯೆ ಬಂತು. ಕಡುಬು, ಹೆಸರುಬೇಳೆ, ಮುದ್ದೆ, ಹುರುಳಿಕಾಳಿನ ಸಾರು, ಕಣೇಕಲ್ಲಿನ ಅಕ್ಕಿಯ ಅನ್ನ. ಎಲ್ಲದರ ಕೊನೆಗೆ, ಯಾರನ್ನೂ ಕೇಳದೆ, ನಾನು ಒಂದಷ್ಟು ಚಪಾತಿ ಲಟ್ಟಿಸಿದೆ. ನಡುಮನೆಯಲ್ಲಿ ಹಿರಿಯರ ಎಲೆಗಳ ಸಾಲಿನ ತುದಿಗೆ ಈ ವರ್ಷ ಹೊಸ ಎಲೆ. ಅದರ ಮೇಲೆ ಚಪಾತಿ ಇಟ್ಟೆ. ನನ್ನ ಗಂಡ ನೋಡಿ, “ಅವನೆಲ್ಲಿ ಚಪಾತಿ ತಿಂತಿದ್ದ? ಮುದ್ದೆ ಇಲ್ಲದಿದ್ರೆ ಎದ್ದು ಹೋಗ್ತಿದ್ದ,” ಎಂದರು. ಅಷ್ಟರಲ್ಲಿ ಅತ್ತೆ ಹಿತ್ತಿಲಿನಿಂದ ಇನ್ನೊಂದು ಬಾಳೆ ಎಲೆ ತೊಳೆದು ತಂದರು. ನಡುಮನೆ ದಾಟಿ, ಬಾಗಿಲು ತೆರೆದು, ಎಂದಿನಂತೆ ಹೊಸ್ತಿಲಾಚೆ ಹಾಸಿದರು.

“ಅಮ್ಮಾ, ಅವನು ಒಳಗೆ ಬಂದಾಯ್ತಲ್ಲ,” ಎಂದರು ನನ್ನ ಗಂಡ.

“ಹೆಸರು ಹಿಡ್ದು ಎರಡು ಸಲ ಕೂಗ್ದೆ. ಓ ಅನ್ಲಿಲ್ಲ,” ಎಂದರು ಅತ್ತೆ. “ನನ್ ಮಗ ಮೊದಲ್ನೇ ಕೂಗಿಗೆ ಸುಮ್ನಿರೋನಾ? ಮೂರನೇದಕ್ಕೆ ಮಗಾ ಅಂತ ಬಂತು ನೋಡು ಬಾಯಲ್ಲಿ. ಮಗಾ ಅಂದ್ರೆ ಯಾರಾದ್ರೂ ಬತ್ತಾರೆ.”

“ಹಂಗಾದ್ರೆ ಬಾಗಿಲಲ್ಲಿ ಬಂದ ಅಂತ ಯಾಕ ಅಂದ್ರಿ ಅತ್ತಿ?” ಎಂದೆ.

“ಬಂದಿದ್ನಲ್ಲಮ್ಮಿ. ಅಷ್ಟು ದೂರ ನಂಬ್ಕೊಂಡು ಬಂದೋನ್ನ ಬಾಗ್ಲಲ್ಲಿ ನಿಲ್ಲಿಸಾಕಾಯ್ತದಾ? ನೀನೂ ಗೊತ್ತಿದ್ದೇ ಕೇಳ್ದೆ.”

ನನ್ನ ಗಂಡ ಒಳಗಿನ ಎಲೆಯನ್ನು ನೋಡಿದರು, ಚಪಾತಿಗಳನ್ನು ನೋಡಿದರು. ಟೀ ಅಂಗಡಿಯ ಮಾತನ್ನು ನಾನು ಆಗ ಅವರಿಗೆ ಹೇಳಿದೆ. ಅವರು ಬಾಗಿಲಿನ ಹಿಂದಿನ ಮೂಲೆಯಲ್ಲಿ ಬಿಟ್ಟಿದ್ದ ತಮ್ಮ ಚಪ್ಪಲಿಗಳನ್ನು ತೆಗೆದು ಆಚೆ ಇಟ್ಟರು.

ಅತ್ತೆ ಒಳಗೆ ನಿಂತು ಬಗ್ಗಿ, ಕೈ ಚಾಚಿ, ಹೊರಗಿನ ಎಲೆಗೆ ಮುದ್ದೆ ಇಟ್ಟರು. ಸಾರು ಎಂದಿನಂತೆ ಅಂಚಿಗೆ ಹರಿಯಿತು. ಬಾಗಿಲಲ್ಲಿ ಮತ್ತೆ ಅಂಗೈಯಗಲ ಸಂದು. ಅದರಾಚೆ ಬೀದಿ ಬೆಳ್ಳಗೆ, ಖಾಲಿ ಇತ್ತು.

“ಅಮ್ಮಿ,” ಎಂದರು, ನಡುವಿಗೆ ಕೈ ಕೊಟ್ಟು ನೆಟ್ಟಗಾಗುತ್ತ, “ಆ ಕಾರಿನೋನಿಗೆ ಫೋನ್ ಮಾಡು. ಹಿಮ ಬೀಳೋದು ಯಾವಾಗ, ಸುರಂಗದ ಬಾಗ್ಲು ತೆಗೆಯೋದು ಎಷ್ಟೊತ್ತಿಗೆ, ಎಲ್ಲಾ ಇನ್ನೊಂದ್ಸಲ ಸರಿಯಾಗಿ ಕೇಳು.”

ಫೋನ್ ತರಲು ನಡುಮನೆಗೆ ಹೋದೆ. ತುದಿಯ ಎಲೆಯ ಮುಂದೆ ನೆಲ ಒಬ್ಬರು ಕೂರುವಷ್ಟು ಜಾಗದಲ್ಲಿ ತಣ್ಣಗಿತ್ತು. ಅದನ್ನು ತುಳಿಯದೆ, ಸುತ್ತಿಕೊಂಡು ಹೋದೆ.